ಕುಂತಲ್ಲೇ ಶ್ರೀಶೈಲ

ಯಾತ್ರೆಯ ಪುಸ್ತಕ ಓದುವವರಲ್ಲಿ ನಾನಾ ಬಗೆ. ಓದಿ ಕಣ್ಣೀರು ಹಾಕುವವರಿದ್ದಾರೆ, ಓದಿದ ಮರುದಿನವೇ ಚೀಲ ಕಟ್ಟುವವರಿದ್ದಾರೆ, ಓದದೆಯೇ ಲೇಖಕರ ಕೈ ಕುಲುಕಿ ‘ಭಾಳ ಚಲೋ ಬಂದೈತ್ರಿ’ ಎನ್ನುವವರಿದ್ದಾರೆ. ಮೂರನೆಯವರೇ ಹೆಚ್ಚು. ಲೇಖಕರ ಉತ್ಸಾಹ ಉಳಿದಿರುವುದೂ ಅವರಿಂದಲೇ. ಇವರ್ಯಾರ ಲೆಕ್ಕಕ್ಕೂ ಸೇರದ ಇನ್ನೊಂದು ಬಗೆ ನಮ್ಮ ಸೀಮೆಯಲ್ಲುಂಟು. ಪುಸ್ತಕ ಕೈಗೆ ಬಂದ ಕೂಡಲೇ ಕನ್ನಡಕ ಒರೆಸಿ, ಜೇಬಿನಿಂದ ಕೆಂಪು ಪೆನ್ನು ತೆಗೆದು, ಲೇಖಕ ಎಲ್ಲೆಲ್ಲಿ ದಾರಿ ತಪ್ಪಿದ್ದಾನೆಂದು ಹುಡುಕಲು ಕೂಡುವವರು ಇವರು. ತಾವು ಮಾತ್ರ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗಬೇಕಾದರೂ ಆಟೋ ಕರೆಯುತ್ತಾರೆ. ಸಿಂಧನೂರಿನಲ್ಲಿ ಇಂಥವರು ಇದ್ದಾರೆ, ಮಸ್ಕಿಯಲ್ಲೂ ಇದ್ದಾರೆ. ಆದರೆ ಈ ಬಗೆಯ ಅಸಲಿ ಮಾಲು ನೋಡಬೇಕೆಂದರೆ ಲಿಂಗಸುಗೂರಿಗೇ ಬರಬೇಕು.

ಊರಿನವರು ಅವರನ್ನು ಕರೆಯುವುದು ಸರ್ವೇ ಕಾಕಾ ಎಂದು. ಸರ್ವೇಯರ್ ಆಗಿ ನಿವೃತ್ತರಾದವರು. ಸರ್ವಿಸಿನ ಉದ್ದಕ್ಕೂ ಮಂದಿಯ ಹೊಲದ ಬಾಂದುಕಲ್ಲು ಹುಡುಕಿದರು. ಆಗಲೂ ಚೈನು ಹಿಡಿದು ಬಿಸಿಲಲ್ಲಿ ಓಡಾಡುತ್ತಿದ್ದವರು ಹೊಲದ ಮಾಲೀಕರು. ಕಾಕಾ ಬೇವಿನ ಗಿಡದ ನೆರಳಿಗೆ ನಕಾಶೆ ಹರವಿಕೊಂಡು ಕೂತಿರುತ್ತಿದ್ದರು ಎಂದು ಹಳೆಯ ರೈತರು ಹೇಳುತ್ತಾರೆ. ಈಗ ಗಿಡದ ಬದಲು ಫ್ಯಾನು, ನಕಾಶೆಯ ಬದಲು ಪುಸ್ತಕ. ಕತೆ, ಕಾದಂಬರಿ ಅವರಿಗೆ ಆಗುವುದಿಲ್ಲ. ‘ಅದರಾಗ ಊರೇ ಸುಳ್ಳಿರ್ತಾವ, ಅಳತಿ ಎಲ್ಲಿಂದ ತರೋಣು?’ ಎನ್ನುತ್ತಾರೆ. ಯಾತ್ರೆಯ ಪುಸ್ತಕವಾದರೆ ಹಾಗಲ್ಲ. ಊರು ನಿಜ, ದಾರಿ ನಿಜ, ಆದ್ದರಿಂದ ಲೇಖಕನನ್ನು ಹಿಡಿದುಹಾಕಬಹುದು.

ಅವರ ಮನೆ ಇರುವ ಜಾಗವಾದರೂ ಎಂಥದು! ಯುಗಾದಿ ಹತ್ತಿರ ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವ ಮಂದಿ ಲಿಂಗಸುಗೂರನ್ನು ಹಾದು ಹೋಗುತ್ತಾರೆ. ಹೆಗಲ ಮೇಲೆ ಮಲ್ಲಯ್ಯನ ಕಂಬಿ, ತಲೆಗೆ ಟವೆಲ್ಲು, ಕಾಲಿಗೆ ಹವಾಯಿ ಚಪ್ಪಲಿ, ಕೆಲವರಿಗೆ ಅದೂ ಇಲ್ಲ. ಮರಗಾಲು ಕಟ್ಟಿಕೊಂಡು ಹೋಗುವವರೂ ಉಂಟು. ರಾಯಚೂರು ಜಿಲ್ಲೆಯ ಮಾರ್ಚ್ ಬಿಸಿಲೆಂದರೆ ಡಾಂಬರು ಚಪ್ಪಲಿಯನ್ನೇ ಹಿಡಿದು ಎಳೆಯುವ ಬಿಸಿಲು. ಊರವರು ರಸ್ತೆ ಬದಿಗೆ ಪೆಂಡಾಲು ಹಾಕಿ ಮಜ್ಜಿಗೆ, ಅನ್ನ-ಸಾರು, ಹುಗ್ಗಿ ನೀಡುತ್ತಾರೆ, ನಡೆದು ಬಂದವರ ಕಾಲಿಗೆ ಬಿಸಿನೀರು ಹಾಕಿ ಎಣ್ಣೆ ತಿಕ್ಕುತ್ತಾರೆ. ರಾತ್ರಿಯೆಲ್ಲ ಭಜನೆ. ಆ ವಾರ ಪೂರ್ತಿ ಸರ್ವೇ ಕಾಕಾ ಮನೆಯ ಕಿಟಕಿ ಮುಚ್ಚಿರುತ್ತದೆ. ಯಾಕೆಂದು ಕೇಳಿದರೆ, ‘ಈ ಗದ್ದಲದಾಗ ಯಾತ್ರಾ ಪುಸ್ತಕ ಓದಾಕ ಆಗಂಗಿಲ್ಲಪಾ’ ಎಂಬ ಉತ್ತರ.

ಅವರ ಓದಿನ ಕ್ರಮವನ್ನು ಹತ್ತಿರದಿಂದ ನೋಡಿದವನು ನಾನು. ಮೊದಲು ಮುನ್ನುಡಿ ಬಿಡುತ್ತಾರೆ. ‘ಅದು ಮದುವಿ ಮನ್ಯಾಗಿನ ಮೈಕು, ಕೇಳಬಾರದು.’ ಆಮೇಲೆ ಅಳತೆಪಟ್ಟಿ ಇಟ್ಟು ಪುಟದ ಅಂಚಿಗೆ ಕೆಂಪು ಗೆರೆ. ಒಬ್ಬ ಲೇಖಕರು ಶ್ರೀಶೈಲದ ಕಾಡುದಾರಿಯನ್ನು ಬಣ್ಣಿಸುತ್ತ ನಾಲ್ಕು ಮೈಲಿ ನಡೆದೆವು ಎಂದು ಬರೆದಿದ್ದರು. ಅಂಚಿನಲ್ಲಿ ಕಾಕಾ ಷರಾ: ‘ಯಾವ ಮೈಲಿ? ಬ್ರಿಟಿಷರ ಮೈಲಿಯೋ, ನಮ್ಮ ಮಂದಿ ಕಿಲೋಮೀಟರಿಗೆ ಅನ್ನೋ ಮೈಲಿಯೋ?’ ಇನ್ನೊಬ್ಬರು ಆ ಅನುಭವವನ್ನು ಮಾತಿನಲ್ಲಿ ಹೇಳಲಾಗದು ಎಂದು ಬರೆದಿದ್ದರು. ಅದಕ್ಕೆ ಷರಾ: ‘ಹಂಗಾರ 212 ಪುಟ ಯಾಕ?’ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನಕೊಳ, ಕೈಲಾಸದ್ವಾರ ಎಂದು ನಲ್ಲಮಲದ ದಾರಿಯ ಹೆಸರುಗಳೆಲ್ಲ ಅವರಿಗೆ ಬಾಯಿಪಾಠ. ಯಾವ ಲೇಖಕನಾದರೂ ಒಂದು ಹಿಂದೆ ಮುಂದೆ ಮಾಡಿದನೋ, ಮರುದಿನವೇ ಪೋಸ್ಟ್‌ಕಾರ್ಡು. ಪೋಸ್ಟ್‌ಕಾರ್ಡಿನ ಒಕ್ಕಣೆಯೂ ಸರಕಾರಿಯದೇ: ‘ಮಾನ್ಯರೇ, ತಮ್ಮ ಕೃತಿಯ ಪುಟ 43ರಲ್ಲಿ ಭೀಮನಕೊಳವನ್ನು ಪೆದ್ದಚೆರುವಿನ ಹಿಂದೆ ತೋರಿಸಲಾಗಿದ್ದು, ಸದರಿ ಸ್ಥಳವು ಮುಂದೆ ಇರುತ್ತದೆ. ಸರಿಪಡಿಸಿ ತಿಳಿಸುವುದು.’ ಒಬ್ಬ ಲೇಖಕರು ಪಾಪ, ನಿಜಕ್ಕೂ ಸರಿಪಡಿಸಿ ಎರಡನೇ ಮುದ್ರಣದ ಪ್ರತಿಯನ್ನು ಗೌರವಪೂರ್ವಕವಾಗಿ ಕಳಿಸಿದರು. ಕಾಕಾ ಅದರಲ್ಲಿ ಹೊಸ ತಪ್ಪು ಹುಡುಕಿ ಸಂತೋಷಪಟ್ಟರು.

ಅಕ್ಕಮಹಾದೇವಿಯನ್ನೂ ಅವರು ಬಿಟ್ಟವರಲ್ಲ. ಹನ್ನೆರಡನೇ ಶತಮಾನದಲ್ಲಿ ಒಬ್ಬ ಹೆಣ್ಣುಮಗಳು ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಹೋದದ್ದು ಸಣ್ಣ ಮಾತೇ ಎಂದು ನಾವು ಬೆರಗಾಗುತ್ತೇವೆ. ಕಾಕಾ ತಕರಾರು ಬೇರೆ. ‘ವಚನ ಚಲೋ ಅದಾವ, ಇಲ್ಲ ಅನ್ನಂಗಿಲ್ಲ. ಆದ್ರ ದಾರ್ಯಾಗಿನ ಊರ ಹೆಸರು ನಾಕು ಹೇಳಿದ್ರ ಏನು ಗಂಟು ಹೋಗ್ತಿತ್ತು? ಲಿಂಗಸುಗೂರ ಮ್ಯಾಲೆ ಬಂದ್ಲೋ, ದೇವದುರ್ಗದ ಮ್ಯಾಲೆ ಹೋದ್ಲೋ, ಈಗ ಯಾರನ್ನ ಕೇಳೋದು?’ ರಹಮತ್ ತರೀಕೆರೆಯವರ ‘ಕದಳಿ ಹೊಕ್ಕು ಬಂದೆ’ಯನ್ನು ಮಾತ್ರ ಕೆಂಪು ಪೆನ್ನಿಲ್ಲದೆ ಓದಿದರೆಂದು ಅವರೇ ಹೇಳಿಕೊಳ್ಳುತ್ತಾರೆ. ಪೆನ್ನು ಮೊಮ್ಮಗಳು ಶಾಲೆಗೆ ಒಯ್ದಿದ್ದಳೆಂದು ಕಾಕು, ಅಂದರೆ ಅವರ ಹೆಂಡತಿ, ಹೇಳುತ್ತಾರೆ.

ಅಮೆರಿಕ ಪ್ರವಾಸದ ಪುಸ್ತಕಗಳ ಬಗ್ಗೆ ಅವರಿಗೆ ಪ್ರತ್ಯೇಕ ಸಿಟ್ಟು. ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೇ ಬಂತು, ಮಗನ ಮನೆಗೆ ಹೋದ ಕನ್ನಡದ ತಂದೆಯರೆಲ್ಲ ವಾಪಸು ಬರುವಾಗ ಒಂದು ಹಸ್ತಪ್ರತಿ ತರತೊಡಗಿದರು ಎಂಬುದು ಕಾಕಾ ಆರೋಪ. ಗೊರೂರರು ಹೋದಲ್ಲೆಲ್ಲ ಹಾಸನದ ಕಣ್ಣು ಒಯ್ದಿದ್ದರು. ಇವರು ಮಗನ ಮನೆಯ ಪಾತ್ರೆ ತೊಳೆಯುವ ಯಂತ್ರದ ಮುಂದೆಯೇ ಮೂರು ಅಧ್ಯಾಯ ಕಳೆಯುತ್ತಾರೆ. ಈ ಒಂದು ವಿಷಯದಲ್ಲಿ ನನ್ನದೂ ಕಾಕಾ ಪಕ್ಷ.

ಅವರ ಪ್ರತಿಭೆ ಪೂರ್ತಿ ಅರಳಿದ್ದು ಸಿಂಧನೂರಿನ ಒಂದು ಪುಸ್ತಕ ಬಿಡುಗಡೆಯಲ್ಲಿ. ನಿವೃತ್ತ ಉಪನ್ಯಾಸಕರೊಬ್ಬರು ಕೈಲಾಸ-ಮಾನಸ ಸರೋವರಕ್ಕೆ ಹೋಗಿ ಬಂದು ಬರೆದ ಪುಸ್ತಕ. ಮಾನಸ ಸರೋವರಕ್ಕೆ ಹೋಗಿ ಬಂದವರಿಗೆ ಮುಜರಾಯಿ ಇಲಾಖೆ ಸಹಾಯಧನ ಕೊಡುತ್ತದೆ. ಪುಸ್ತಕ ಬರೆಯದಿದ್ದರೂ ಕೊಡುತ್ತದೆ ಎಂಬುದನ್ನು ಯಾರಾದರೂ ಲೇಖಕರಿಗೆ ಮೊದಲೇ ಹೇಳಬೇಕಿತ್ತು ಎಂದು ಕಾಕಾ ಬಸ್ಸಿನಲ್ಲೇ ನನ್ನ ಕಿವಿಯಲ್ಲಿ ಊದಿದ್ದರು. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರಕ್ಕೆ ಪೋಣಿಸುತ್ತದೆ. ಅವರು ಲಿಂಗಸುಗೂರಿನಲ್ಲಿ ಹತ್ತಿ ಸೀಟು ಹಿಡಿದಿದ್ದರು, ನಾನು ಮಸ್ಕಿಯಲ್ಲಿ ಹತ್ತಿ ನಿಂತಿದ್ದೆ. ನನ್ನನ್ನು ಅವರು ಊರ ಹೆಸರಿನಿಂದಲೇ ಕರೆಯುವುದು. ‘ಮಸ್ಕಿ, ಇವತ್ತು ಸಭಾದಾಗ ನೀ ನನ್ನ ಬಾಜೂಕ ಕುಂಡ್ರು.’

ಸಭೆ ತುಂಬಿತ್ತು. ಊಟದ ವ್ಯವಸ್ಥೆ ಇದೆ ಎಂದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚಾಗಿತ್ತು. ಅಧ್ಯಕ್ಷರು ‘ಪುಸ್ತಕ ಈಗಷ್ಟೇ ನನ್ನ ಕೈ ಸೇರಿದೆ, ಆದರೂ’ ಎಂದು ಶುರುಮಾಡಿ ಮುಕ್ಕಾಲು ತಾಸು ಮಾತಾಡಿದರು. ಅದರಲ್ಲಿ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂಬುದೂ ಬಂತು, ಸೋನಾ ಮಸೂರಿಯ ಧಾರಣೆಯೂ ಬಂತು, ಕೈಲಾಸ ಮಾತ್ರ ಬರಲಿಲ್ಲ. ಎದುರಿಗಿದ್ದ ರೈಸ್‌ಮಿಲ್ಲಿನ ಸಾವುಕಾರರು ಅದನ್ನು ಬಹಳ ಗಮನವಿಟ್ಟು ಕೇಳಿದರು. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು, ತಾನು ಪಾಲೊ ಕೊಯೆಲೊ ಓದಿದ ಮೇಲೆ ಬದುಕೇ ಒಂದು ಪಯಣ ಎಂದು ಅರಿವಾಯಿತೆಂದೂ, ಟ್ರ್ಯಾಕ್ಟರ್ ಶೋರೂಮಿನ ನೌಕರಿ ಬಿಟ್ಟು ಹೊರಡುವವನಿದ್ದೇನೆಂದೂ ಹೇಳಿದ. ಅವನ ಅಪ್ಪ ಹಿಂದಿನ ಸಾಲಿನಲ್ಲೇ ಇದ್ದದ್ದು ಅವನಿಗೆ ಗೊತ್ತಿರಲಿಲ್ಲ. ಪಯಣ ಅಲ್ಲಿಗೇ ನಿಂತಿತು.

ಆಮೇಲೆ ಕಾಕಾ ಎದ್ದರು. ಪುಸ್ತಕದೊಳಗೆ ಬಸ್ ಟಿಕೆಟುಗಳನ್ನು ಗುರುತಿಗೆ ಇಟ್ಟಿದ್ದರು.

‘ಸರ್, ಪುಟ 61ರಾಗ ಡೋಲ್ಮಾ ಕಣಿವಿ ಏರುವಾಗ ಉಸರು ನಿಂತಂಗಾತು ಅಂತ ಬರದೀರಿ. ಬರೋಬ್ಬರಿ ಐತಿ, 5,600 ಮೀಟರಿಗಿಂತ ಎತ್ತರ. ಪುಟ 62ರಾಗ ಅಲ್ಲೇ ನಿಂತು ಮಂಗಳಾರತಿ ಪದ ಪೂರ್ತಿ ಹಾಡಿದೆ ಅಂತ ಬರದೀರಿ. ನಡುವ ಉಸರು ಯಾವಾಗ ವಾಪಸ್ ಬಂತು?’

ಲೇಖಕರು ನೀರು ಕುಡಿದರು. ‘ಹಾಡಿದ್ದು ಮನಸ್ಸಿನಲ್ಲಿ’ ಎಂದರು.

‘ಆಗಲ್ರಿ. ಪರಿಕ್ರಮ 52 ಕಿಲೋಮೀಟರ್ ಅಂತ ಪುಟ 58ರಾಗ ಐತಿ. ಪುಟ 70ರಾಗ ನಿಮ್ಮ ಫೋಟೋ ಐತಿ. ಫೋಟೋದಾಗ ನೀವು ಕುದುರಿ ಮ್ಯಾಲ ಅದೀರಿ. ನಡದೆ ಅಂತ ಬರದದ್ದು ನಿಮ್ಮ ಕಾಲಿನ ಲೆಕ್ಕವೋ, ಕುದುರಿ ಕಾಲಿನ ಲೆಕ್ಕವೋ?’

ಸಭೆಯಲ್ಲಿ ನಗು ಎದ್ದಿತು. ಲೇಖಕರ ಮುಖ ಸಣ್ಣದಾಯಿತು. ಆ ಪುಸ್ತಕದಲ್ಲಿ ಜೊತೆಯ ಯಾತ್ರಿಕಳೊಬ್ಬಳು ಅರ್ಧ ದಾರಿಯಿಂದ ಹಿಂದಿರುಗಿದ ಎರಡು ಪುಟಗಳಿವೆ, ತುಂಬ ಚೆನ್ನಾಗಿವೆ. ಆ ಹೊತ್ತಿನಲ್ಲಿ ಅದನ್ನು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಊಟಕ್ಕೆ ಕರೆದರು.

ಊಟದ ಸಾಲಿನಲ್ಲಿ ಒಬ್ಬ ರೈತ ಕಾಕಾರನ್ನು ಹುಡುಕಿಕೊಂಡು ಬಂದ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಸಿಂಧನೂರು ಸುತ್ತ ಕ್ಯಾಂಪು ಕಟ್ಟಿಕೊಂಡವರ ಪೈಕಿ. ‘ಅಯ್ಯಾ, ನಿಮಗೆ ಬೇಕಾದ ಪುಸ್ತಕ ನಮ್ಮ ಮನೆಯಲ್ಲಿದೆ’ ಎಂದ. ಏನುಗುಲ ವೀರಾಸ್ವಾಮಿಯ ‘ಕಾಶೀಯಾತ್ರಾ ಚರಿತ್ರ’, ತೆಲುಗಿನದು. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ವೀರಾಸ್ವಾಮಿ 1830ರ ಮೇ ತಿಂಗಳಲ್ಲಿ ಹೊರಟು, ಶ್ರೀಶೈಲವನ್ನೂ ನೋಡಿಕೊಂಡು ಕಾಶಿಗೆ ಹೋಗಿ, 1831ರ ಸೆಪ್ಟೆಂಬರಿನಲ್ಲಿ ಮರಳಿದ. ಪುಸ್ತಕ ಅಚ್ಚಾದದ್ದು 1838ರಲ್ಲಿ, ಅವನು ತೀರಿಕೊಂಡ ಮೇಲೆ. ಮಜಲು ಮಜಲಿಗೂ ಊರ ಹೆಸರು, ದಾರಿ ಹೇಗಿದೆ, ನೀರಿದೆಯೋ ಇಲ್ಲವೋ, ಅಂಗಡಿ ಇದೆಯೋ ಇಲ್ಲವೋ, ಎಲ್ಲ ಬರೆದಿಟ್ಟ ಮನುಷ್ಯ. ಕಾಕಾಗೆ ತೆಲುಗು ಓದಲು ಬರುತ್ತದೆ. ಅವರ ಸಂಭ್ರಮ ಹೇಳತೀರದು. ‘ಮಸ್ಕಿ, ಇವ ಭಕ್ತ ಅಲ್ಲಪಾ, ಇವ ಸರ್ವೇಯರ್!’ ಎಂದು ರಾತ್ರಿ ಹತ್ತಕ್ಕೆ ಫೋನು ಮಾಡಿದರು.

ಒಂದು ಸಂಜೆ ಆ ಪುಸ್ತಕವನ್ನು ಕನ್ನಡ ಮಾಡಿ ಕಾಕುಗೆ ಓದಿ ಹೇಳುತ್ತಿದ್ದಾಗ ನಾನಿದ್ದೆ. ಕಾಕು ಶ್ರೀಶೈಲಕ್ಕೆ ಬಹುತೇಕ ಪ್ರತಿವರ್ಷ ನಡೆದು ಹೋಗುವ ಹೆಂಗಸು. ಈ ವಿಷಯವನ್ನು ಕಾಕಾ ಎಂದೂ ಯಾರಿಗೂ ಹೇಳಿಲ್ಲ, ಮುಚ್ಚಿಟ್ಟೂ ಇಲ್ಲ. ‘ಅಕಿದು ಭಕ್ತಿ, ನಂದು ಸಾಹಿತ್ಯ’ ಎಂದು ಮನೆಯ ಹದ್ದುಬಸ್ತು ಮಾಡಿಕೊಂಡಿದ್ದಾರೆ. ಕಾಕು ಜೋಳದ ಹಿಟ್ಟು ಜರಡಿ ಹಿಡಿಯುತ್ತಾ ಕೇಳುತ್ತಿದ್ದರು. ವೀರಾಸ್ವಾಮಿ ಪಲ್ಲಕ್ಕಿಯಲ್ಲಿ ಹೋದ ಭಾಗ ಬಂತು.

‘ಪಲ್ಲಕ್ಕಿ ಹೊತ್ತವರು ಏನು ಬರದಾರ?’ ಎಂದರು ಕಾಕು.

‘ಅವರು ಯಾಕ ಬರೀತಾರ?’

‘ಮತ್ತ ದಾರಿ ಅವರಿಗಿಂತ ಚಲೋ ಯಾರಿಗೆ ಗೊತ್ತಿರ್ತೈತಿ?’

ಕಾಕಾ ಒಂದು ಪುಟ ಮುಂದೆ ಹಾರಿಸಿ ಓದಿದರು.

ಯಾತ್ರಾ ಸಾಹಿತ್ಯದ ಮಾತು ಬಂದಾಗ ಮಸ್ಕಿಯವರಾದ ನಮಗೂ ಒಂದು ಜಂಬವುಂಟು, ಅದನ್ನು ಇಲ್ಲಿ ಹೇಳದಿದ್ದರೆ ಊರಿಗೆ ಹೋಗುವಂತಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ನಮ್ಮ ಗುಡ್ಡದಲ್ಲಿ ಒಂದು ಶಾಸನ ಕಂಡ. ಅಲ್ಲಿಯವರೆಗೆ ಸಿಕ್ಕ ಈ ಬಗೆಯ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’ ಎಂದಷ್ಟೇ ಇತ್ತು, ನಮ್ಮದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲೂ ಸಿಕ್ಕಿತು, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಸಿಕ್ಕಿತು. ನಮ್ಮೂರ ಓದುಗರು ಅದನ್ನು ವಿವರಿಸುವ ಬಗೆ ಹೀಗೆ: ‘ಬ್ಯಾರೆ ಊರಾಗಿನ ಪ್ರತಿ ಎಲ್ಲಾ ಕಾವ್ಯನಾಮದಾಗ ಬಂದಿದ್ವು. ಲೇಖಕರ ಹೆಸರು ಹಾಕಿ ಮೊದಲು ಪ್ರಕಟ ಮಾಡಿದ್ದು ಮಸ್ಕಿ.’ ಅಶೋಕ ಬೇಟೆಯ ವಿಹಾರಯಾತ್ರೆ ಬಿಟ್ಟು ಧರ್ಮಯಾತ್ರೆ ಹಿಡಿದ, ಪಟ್ಟವಾದ ಹತ್ತು ವರ್ಷಕ್ಕೆ ಬೋಧಿವೃಕ್ಷದ ದರ್ಶನಕ್ಕೆ ಹೋದ ಎಂಬುದು ಎಂಟನೇ ಶಿಲಾಶಾಸನದಲ್ಲಿದೆ. ಅದು ನಮ್ಮ ಗುಡ್ಡದ ಮೇಲಿಲ್ಲ, ಆದರೂ ಅದನ್ನು ನಮ್ಮ ಲೆಕ್ಕಕ್ಕೇ ಹಾಕಿಕೊಂಡಿದ್ದೇವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಶಾಸನದಲ್ಲಿ 256 ಎಂಬ ಸಂಖ್ಯೆ ಇದೆ, ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ವಿದ್ವಾಂಸರು ಹೇಳುತ್ತಾರೆ. ಇದನ್ನೆಲ್ಲ ನಾನು ಎದೆ ಉಬ್ಬಿಸಿ ಹೇಳಿದಾಗ ಸರ್ವೇ ಕಾಕಾ ಸಾಮ್ರಾಟನ ಮೇಲೂ ಒಂದು ಷರಾ ಬರೆದರು. ‘ಎಷ್ಟು ರಾತ್ರಿ ಅಂತ ಹೇಳ್ಯಾನ. ಎಷ್ಟು ದೂರ ಅಂತ ಹೇಳಿಲ್ಲ. ಅರ್ಧಾ ಮಾಹಿತಿ.’

ಕಾಕು ಓದು ಬಾರದವರಲ್ಲ. ಪುಸ್ತಕದ ಮಾತು ಅವರ ಕಿವಿಗೆ ಬಿದ್ದರೆ ಕೇಳುವುದು ಮಾತ್ರ ಬೇರೆ. ಒಮ್ಮೆ ಕಾಕಾ ಬೆಂಗಳೂರಿನ ಲೇಖಕಿಯೊಬ್ಬರು ಶ್ರೀಶೈಲದ ಪಾದಯಾತ್ರೆಯ ಬಗ್ಗೆ ಬರೆದದ್ದನ್ನು ಓದಿ ಹೇಳುತ್ತಿದ್ದರು. ತನ್ನನ್ನು ತಾನು ಹುಡುಕಿಕೊಳ್ಳಲು ಹೊರಟೆ ಎಂಬಂಥ ಮಾತು ಅದರಲ್ಲಿ ಬಹಳ. ಕಾಕು ಕೇಳಿದ್ದು: ‘ಕಾಲಾಗ ಏನು ಹಾಕ್ಕೊಂಡಿದ್ಲಂತ?’ ಬೂಟು ಎಂದರು ಕಾಕಾ. ‘ಬೊಬ್ಬಿ ಎದ್ದಿರ್ತಾವ ಪಾಪ. ಉಡಿ ತುಂಬಾಕ ಏನು ಒಯ್ದಿದ್ಲು?’ ಅದು ಪುಸ್ತಕದಲ್ಲಿ ಇರಲಿಲ್ಲ. ನಮ್ಮ ಕಡೆಯವರಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಸೀರೆ, ಕುಬಸ, ಅರಿಷಿಣ-ಕುಂಕುಮ ಕಟ್ಟಿಕೊಂಡು ಹೋಗುವುದು, ಅಳಿಯನ ಮೇಲಿನ ಸಿಟ್ಟು ಸಿಡುಕು ಎಲ್ಲ ಹಾಡಿನಲ್ಲಿ ತೀರಿಸುವುದು, ಯುಗಾದಿ ಮುಗಿಸಿ ಬಸ್ಸು ಹತ್ತುವುದು. ಲೇಖಕಿ ಅನ್ವೇಷಣೆ ಎಂಬ ಪದವನ್ನು ಮತ್ತೆ ಮತ್ತೆ ಬಳಸಿದ್ದರು. ಕಾಕು ಕೊನೆಗೆ ತಡೆಯಲಾರದೆ ಕೇಳಿದರು, ‘ಮಗಳ ಮನಿಗೆ ಹೋಗಾಕ ಹುಡುಕೋದು ಏನೈತಿ? ದಾರಿ ಗೊತ್ತೈತಲ್ಲ.’

ಈ ಮಾತನ್ನು ನಾನು ಅಂದಿನಿಂದ ನಾಲ್ಕಾರು ಸಭೆಗಳಲ್ಲಿ ನನ್ನದೇ ಎಂಬಂತೆ ಬಳಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಕಾಕಾ ಮಾತ್ರ ಅದಕ್ಕೆ ತಲೆಯಾಡಿಸಿ, ‘ದಾರಿ ಗೊತ್ತೈತಿ, ಆದ್ರ ಅಳತಿ ಗೊತ್ತಿಲ್ಲ’ ಎಂದರು. ಆ ಹೊತ್ತಿಗೇ ಅವರ ತಲೆಯಲ್ಲಿ ಒಂದು ಗ್ರಂಥ ಹುಟ್ಟಿರಬೇಕು.

ಗ್ರಂಥ ಎಂದರೆ ಒಂದು ಹಾಳೆ. ತಲೆಬರಹ: ‘ಲಿಂಗಸುಗೂರಿನಿಂದ ಶ್ರೀಶೈಲ: ಶುದ್ಧ ದೂರಪಟ್ಟಿ (ಈವರೆಗಿನ ಎಲ್ಲ ಲೇಖಕರ ತಪ್ಪುಗಳನ್ನು ತಿದ್ದಿದ್ದು)’. ಊರು, ಊರಿನಿಂದ ಊರಿಗೆ ದೂರ, ಒಟ್ಟು ದೂರ, ಷರಾ. ಪ್ರಿಂಟಿಂಗ್ ಪ್ರೆಸ್ಸಿನವನಿಗೆ ಮೂರು ಸಲ ಪ್ರೂಫ್ ತಿದ್ದಿಕೊಟ್ಟರು. ಯುಗಾದಿಯ ಹಿಂದಿನ ವಾರ ಕಾಕು ಎಂದಿನಂತೆ ಹೆಗಲಿಗೆ ಚೀಲ ಏರಿಸಿ, ‘ಬರ್ತೀರೇನು?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಓಣಿಯ ಹೆಂಗಸರ ಜೊತೆ ಹೊರಟರು. ಕಾಕಾ ಆ ವರ್ಷ ಮೊದಲ ಸಲ ಕಿಟಕಿ ತೆರೆದರು, ಬಾಗಿಲನ್ನೂ ತೆರೆದು ರಸ್ತೆಗೆ ಬಂದರು. ಒಂದು ಪೆಂಡಾಲಿನ ಮಗ್ಗುಲಿಗೆ ಕುರ್ಚಿ, ಛತ್ರಿ. ಒಂದು ಕಡೆ ಮಜ್ಜಿಗೆ ಕೊಡುತ್ತಿದ್ದರು, ಇನ್ನೊಂದು ಕಡೆ ಬಾಳೆಹಣ್ಣು, ನಡುವೆ ಕಾಕಾ ದೂರಪಟ್ಟಿ. ಮಂದಿ ಮೂರನ್ನೂ ಒಂದೇ ಕೈಯಿಂದ ಇಸಿದುಕೊಂಡು ಮುಂದೆ ಹೋಗುತ್ತಿದ್ದರು.

ಬಾಗಲಕೋಟೆ ಕಡೆಯ ಒಬ್ಬ ಅಜ್ಜಿ ಮಾತ್ರ ನಿಂತು, ಹಾಳೆಯನ್ನು ಬಿಸಿಲಿಗೆ ಹಿಡಿದು, ಮೇಲಿಂದ ಕೆಳಗೆ ಬೆರಳಾಡಿಸಿ ಪೂರ್ತಿ ನೋಡಿದಳು. ಕಾಕಾ ಕುರ್ಚಿಯಿಂದ ಅರ್ಧ ಎದ್ದರು. ಆಯುಷ್ಯದಲ್ಲಿ ಮೊದಲ ಸಲ ಅವರು ಲೇಖಕರ ಜಾಗದಲ್ಲಿದ್ದರು, ಎದುರಿಗೆ ಓದುಗಳು.

‘ಯಪ್ಪಾ, ಇದರಾಗ ಮಜ್ಜಿಗಿ ಎಲ್ಲೆಲ್ಲಿ ಐತಿ?’

‘ಅದು ಇಲ್ಲವ್ವಾ. ಇದು ದೂರದ ಪಟ್ಟಿ.’

‘ದೂರ ಕಾಲಿಗೆ ತಿಳೀತೈತಿ ಬಿಡು. ನೀರು ಎಲ್ಲಿ, ನೆರಳು ಎಲ್ಲಿ, ಎಣ್ಣಿ ಹಚ್ಚೋರು ಎಲ್ಲಿ, ಅದನ್ನ ಬರಿಯಪ್ಪಾ’ ಎಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹಿಮ್ಮಡಿಗೂ ಚಪ್ಪಲಿಗೂ ನಡುವೆ ಇಟ್ಟುಕೊಂಡು ಹೊರಟಳು.

ಕಾಕಾ ಆ ರಾತ್ರಿ ಉಣ್ಣಲಿಲ್ಲ ಎಂದುಕೊಳ್ಳಬೇಡಿ, ಪೆಂಡಾಲಿನಲ್ಲೇ ಎರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡರು. ಮರುದಿನ ಬೆಳಿಗ್ಗೆ ನನಗೆ ಫೋನು. ಎರಡನೇ ಮುದ್ರಣಕ್ಕೆ ಪೆಂಡಾಲುಗಳ ಸ್ಥಳ ಪರಿಶೀಲನೆ ಆಗಬೇಕು, ನೋಟ್‌ಬುಕ್ ಹಿಡಿದುಕೊಂಡು ಬಾ. ಆಟೋ ಮಾಡಿಕೊಂಡು ಹೊರಟೆವು. ಪ್ರತಿ ಪೆಂಡಾಲಿಗೂ ಆಟೋ ನಿಲ್ಲಬೇಕು, ಕಾಕಾ ಇಳಿಯಬೇಕು, ಮಜ್ಜಿಗೆ ಕುಡಿದು ನೋಡಬೇಕು, ‘ಉಪ್ಪು ಜಾಸ್ತಿ’, ‘ನೀರು ಜಾಸ್ತಿ’, ‘ಸಾಧಾರಣ’ ಎಂದು ಷರಾ ಬರೆಸಬೇಕು. ಒಂದು ಪೆಂಡಾಲಿನಲ್ಲಿ ಆಟೋ ಸ್ವಲ್ಪ ಹಿಂದೆ ನಿಂತಿತು. ಇಳಿದು ನಾಲ್ಕು ಹೆಜ್ಜೆ ನಡೆದು ಬಂದ ಕಾಕಾರನ್ನು ಅಲ್ಲಿಯ ಹುಡುಗರು ಕಂಡರು. ಬಿಳಿ ಪಂಚೆ, ಬೆವರು, ತಲೆಗೆ ಟವೆಲ್ಲು. ಇಬ್ಬರು ಬಂದು ರಟ್ಟೆ ಹಿಡಿದು ಕುರ್ಚಿಗೆ ಕೂರಿಸಿಯೇ ಬಿಟ್ಟರು. ಒಬ್ಬ ಬಿಸಿನೀರು ತಂದ. ಇನ್ನೊಬ್ಬ ಕೆಳಗೆ ಕೂತು ಕಾಕಾ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ಹಚ್ಚತೊಡಗಿದ.

‘ಎಲ್ಲಿಂದ ನಡಕೊಂತ ಬಂದ್ರಿ ಯಜಮಾನ್ರ?’

‘ಲಿಂಗಸುಗೂರಿಂದ’ ಎಂದರು ಕಾಕಾ. ನಡೆದು ಎಂಬ ಪದವನ್ನು ಅವರು ಬಳಸಲಿಲ್ಲ, ಅದಕ್ಕೆ ನಾನೇ ಸಾಕ್ಷಿ.

‘ಒಂದು ಬೊಬ್ಬಿನೂ ಇಲ್ಲ ನೋಡ್ರಿ, ಮಲ್ಲಯ್ಯನ ಮಹಿಮಾ!’ ಎಂದು ಹುಡುಗ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಹಿಂದಿನಿಂದ ಆಟೋದವ ಹಾರ್ನ್ ಹೊಡೆದ. ಕಾಕಾ ತಿರುಗಿ ನೋಡಲಿಲ್ಲ, ಇನ್ನೊಂದು ಕಾಲನ್ನೂ ಮುಂದಕ್ಕೆ ಚಾಚಿದರು. ಹುಡುಗ ಎರಡೂ ಕಾಲು ಮುಗಿಸಿ ಏಳುವವರೆಗೆ ಕಣ್ಣು ಮುಚ್ಚಿಕೊಂಡೇ ಇದ್ದು, ಆಮೇಲೆ ನನ್ನ ಕಡೆ ಬೆರಳು ಮಾಡಿದರು.

‘ಬರಕೋ ಮಸ್ಕಿ. ಎಣ್ಣಿ ಚಲೋ ಐತಿ. ಎಡಗಾಲಿಗೆ ಸ್ವಲ್ಪ ಕಡಿಮಿ ಆತು.’